ಹಿಂಟ್ ಅಂದ್ರೆ ಬರೀ ಹಿಂಟೇ
ಪೈಥಾನ್ ಪ್ರೋಗ್ರಾಮಿಂಗ್ ಭಾಷೆಗೆ ಒಂದು ಸಲಹೆ ಕೊಡೋಣ ಅಂತ ರಾತ್ರಿಯೆಲ್ಲ ಕೂತು ಬರೆದೆ: ಟೈಪ್ ಹಿಂಟ್ (ಇಲ್ಲಿ ಬರೋದು ಸಂಖ್ಯೆಯೋ ಪಠ್ಯವೋ ಅಂತ ಕೋಡ್‌ನಲ್ಲೇ ಬರೆಯೋ ಸೂಚನೆ) ಇದ್ದ ಕಡೆ, ಕೋಡ್ ಓಡಿಸೋ ಇಂಟರ್‌ಪ್ರಿಟರ್ ಅದನ್ನೇ ನಂಬಿ ಬೇಗ ಓಡಲಿ. ಬೆಳಿಗ್ಗೆ ಸುಮ್ಮನೆ ಪರೀಕ್ಷಿಸಿದೆ. ಇಂಟ್, ಅಂದ್ರೆ ಪೂರ್ಣಾಂಕ, ಅಂತ ಹಿಂಟ್ ಕೊಟ್ಟು, ಬಂದದ್ದನ್ನ ಎರಡರಿಂದ ಗುಣಿಸೋ ಫಂಕ್ಷನ್. ಅದಕ್ಕೆ 'ಹತ್ತು' ಅನ್ನೋ ಸ್ಟ್ರಿಂಗ್ (ಪಠ್ಯ) ಕೊಟ್ಟೆ. ತೆಪ್ಪಗೆ ನುಂಗಿ 'ಹತ್ತುಹತ್ತು' ಅಂತು!

2015ರ ಪೈಥಾನ್ 3.5 ಆವೃತ್ತಿಯಿಂದಲೂ ಹೀಗೇ, ಓಡುವಾಗ ಇಂಟರ್‌ಪ್ರಿಟರ್ ಹಿಂಟನ್ನ ಕೇಳಲ್ಲ. ತಪ್ಪು ಹಿಡಿಯೋದು ಓಡಿಸೋ ಮೊದಲೇ ಕೋಡ್ ಪರೀಕ್ಷಿಸೋ ಮೈಪೈ ಥರದ ಟೂಲ್‌ಗಳ ಕೆಲಸ. 3.10ಕ್ಕಿಂತ 3.11 ಸರಾಸರಿ 25% ವೇಗವಾಗಿದ್ದು ಕೂಡ ಹಿಂಟ್ ನಂಬಿ ಅಲ್ಲ, ನಿಜಕ್ಕೂ ಯಾವ ಟೈಪ್ ಬರ್ತಿದೆ ಅಂತ ಓಡ್ತಾ ಓಡ್ತಾ ನೋಡಿಕೊಂಡು, ಜೊತೆಗೆ ಬೇರೆ ಸುಧಾರಣೆಗಳಿಂದ. ಮನುಷ್ಯರನ್ನ ಅಳೆಯೋಕೂ ಇದೇ ದಾರಿ ಇರಬಹುದೇನೋ.

ನನ್ನ ಕರಡಿನಲ್ಲಿ ಸದ್ಯಕ್ಕೆ ಉಳಿದಿರೋದು ಶೀರ್ಷಿಕೆ ಮಾತ್ರ.