ಮೊದಲನೇ ಟ್ರಯಾಥ್ಲಾನ್ ಮಾಡೋಕೆ ಕಾರವಾರಕ್ಕೆ ಹೋಗೋರಿಗೆ

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡೋದೇ ಟ್ರಯಾಥ್ಲಾನ್. ಆ ಹೆಸರು ಹೇಳಿದ್ರೆ ಸಾಕು, ಜನ ನೇರ ಐರನ್‌ಮ್ಯಾನಿಗೇ ಹೋಗ್ಬಿಡ್ತಾರೆ, 3.8 ಕಿಮೀ ಈಜು 180 ಕಿಮೀ ಸೈಕಲ್ಲು ಅದರ ಮೇಲೆ ಪೂರ್ತಿ ಮ್ಯಾರಥಾನು, ಕೇಳಿದ್ರೇ ಮೈ ನೋವು ಬರತ್ತೆ. ಅದನ್ನ ಮರ್ತುಬಿಡಿ. ಸ್ಪ್ರಿಂಟ್ ಅಂತ ಒಂದಿದೆ, 750 ಮೀಟರ್ ಈಜು, 20 ಕಿಮೀ ಸೈಕಲ್, 5 ಕಿಮೀ ಓಟ. 2000ನೇ ಇಸವಿ ಸಿಡ್ನಿ ಒಲಿಂಪಿಕ್ಸಲ್ಲಿ ಮೊದಲ ಸಲ ಸೇರ್ಸಿದ್ದು ಇದರ ಡಬಲ್ಲು. ನಾವು ಶಿರಸಿ ಕಡೆಯೋರು ಒಂದಿಷ್ಟು ಜನ ಸೇರ್ಕೊಂಡು ಸ್ಪ್ರಿಂಟಲ್ಲೂ ಈಜನ್ನ 400 ಮೀಟರಿಗೆ ಇಳಿಸ್ಕೊಂಡು ಕಾರವಾರದಲ್ಲಿ ಮಾಡಿ ಬಂದ್ವಿ. ಫೀಸ್ ಇಲ್ಲ, ಮೆಡಲ್ ಇಲ್ಲ, ಟೈಮ್ ನೋಡೋರಿಲ್ಲ. 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ಆದಾಗ ಶುರು ಮಾಡಿದ್ದೇ 15 ಜನ, ಮುಗಿಸಿದ್ದು 12, ಹಾಗಾಗಿ ಸಣ್ಣ ಗುಂಪು ಅಂತ ನಾಚ್ಕೊಳ್ಳೋದೇನೂ ಬೇಕಾಗಿಲ್ಲ.

ನಮ್ಮಲ್ಲಿ ಕ್ರೀಡಾಪಟು ಅನ್ನೋ ಥರದೋರು ಯಾರೂ ಇರ್ಲಿಲ್ಲ. ಐವತ್ತು ದಾಟಿದ ತೋಟದ ಭಾವ, ಪ್ರೈಮರಿ ಶಾಲೆ ಅಕ್ಕೋರು, ಸೊಸೈಟಿಲಿ ಕ್ಲರ್ಕ್ ಆಗಿರೋ ಗೆಳೆಯ, ನೈಟ್ ಡ್ಯೂಟಿ ಮುಗಿಸಿ ಪ್ರಾಕ್ಟೀಸಿಗೆ ಬರ್ತಿದ್ದ ನರ್ಸಮ್ಮ, ಗ್ಯಾರೇಜಿನ ಹುಡುಗ, ಹಿಂಗೆ. ಭಾವಂಗೆ ಈಜು ಬರ್ತಿತ್ತು, ಸಣ್ಣಿರ್ಬೇಕಾದ್ರೆ ಎರಡು ಒಣ ತೆಂಗಿನಕಾಯಿ ಸೊಂಟಕ್ಕೆ ಕಟ್ಕೊಂಡು ಕೆರೆಯಲ್ಲಿ ಕಲ್ತಿದ್ದು, ತಲೆ ನೀರೊಳಗೆ ಹಾಕೋ ಪದ್ಧತಿ ಮಾತ್ರ ಇಲ್ಲ. ಅಕ್ಕೋರಿಗೆ ಈಜೇ ಬರ್ತಿರ್ಲಿಲ್ಲ. ಮಳೆಗಾಲ ಶುರು ಆಗೋ ಮುಂಚೆ ಈಜುಕೊಳಕ್ಕೆ ಸೇರಿ ದೀಪಾವಳಿ ಹೊತ್ತಿಗೆ ನಿಲ್ಲದೆ ಒಂದಿಷ್ಟು ದೂರ ಹೋಗೋ ಹಾಗಾದ್ರು. ಅವರನ್ನ ನೋಡಿ ಸೇರ್ಕೊಂಡೋರೇ ನಮ್ಮಲ್ಲಿ ಜಾಸ್ತಿ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನೀವು ಗುಂಪು ಕಟ್ಟಿದ್ರೆ ಇಡೀ ಪ್ಲ್ಯಾನನ್ನ ಎಲ್ಲರಿಗಿಂತ ನಿಧಾನ ಇರೋರ ಲೆಕ್ಕಕ್ಕೆ ಮಾಡಿ. ದೂರ, ಹೊತ್ತು, ಊಟ, ವಾಪಸ್ ಬರೋ ಗಾಡಿ ಎಲ್ಲಾನೂ. ಜೋರಾಗಿ ಹೋಗೋರು ಹೆಂಗೂ ಮುಗಿಸ್ತಾರೆ, ಅವರ ಚಿಂತೆ ಬೇಡ.

ಯಾವಾಗ ಹೋಗೋದು ಅಂದ್ರೆ, ಡಿಸೆಂಬರ್ ಜನವರಿ. ಜೂನ್ ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಗೇ ನಿಷೇಧ ಇರತ್ತೆ, ಅಂಥಾ ಸಮುದ್ರಕ್ಕೆ ನಾವು ಇಳಿಯೋ ಮಾತೇ ಇಲ್ಲ, ಸೆಪ್ಟೆಂಬರ್ ಮುಗಿಯೋವರೆಗೂ ಅಲೆ ಮೇಲೆ ನಂಬಿಕೆ ಇಡೋ ಹಾಗಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಮೆಲ್ಲಗೆ ಬೀಸ್ತಾ ಇರತ್ತೆ, ನೀರು ಸಮತಟ್ಟಾಗಿರತ್ತೆ, ಮಧ್ಯಾಹ್ನ ಆಗ್ತಿದ್ದಂಗೆ ಗಾಳಿ ತಿರುಗಿ ಸಮುದ್ರದಿಂದ ಹೊಡೆಯೋಕೆ ಶುರು. ಅದಕ್ಕೇ ಈಜು ಬೆಳಿಗ್ಗೇನೇ ಮುಗೀಬೇಕು. ಸೂರ್ಯ ಹುಟ್ಟೋದೇ ಆಗ ಏಳರ ಆಸುಪಾಸು, ಕತ್ತಲಲ್ಲಿ ಯಾರೂ ಇಳೀಬೇಡಿ.

ಇನ್ನೊಂದು ಲೆಕ್ಕ ಇದೆ, ಇದನ್ನ ನಮಗೆ ಹೇಳ್ಕೊಟ್ಟಿದ್ದು ಅಲ್ಲಿನ ಮೀನುಗಾರರೊಬ್ಬರು. ದಿನಕ್ಕೆ ಎರಡು ಭರತ (ಸಮುದ್ರದ ನೀರು ಏರೋದು) ಎರಡು ಇಳಿತ, ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗತ್ತೆ. ಬೆಳಿಗ್ಗೆ ಏಳರ ಸುಮಾರಿಗೆ ಭರತ ತುಂಬಿ ನಿಲ್ಲೋ ದಿನ ಆರ್ಸ್ಕೊಳ್ಳಿ. ತುಂಬಿದ ಹೊತ್ತಲ್ಲಿ ಸ್ವಲ್ಪ ಕಾಲ ಸೆಳೆತ ಕಡಿಮೆ ಇರತ್ತೆ, ಆಗ ಈಜೋದು. ಸೈಕಲ್ ಮುಗಿಸಿ ಬರೋ ಹೊತ್ತಿಗೆ ನೀರು ಹಿಂದೆ ಸರ್ದು ಗಟ್ಟಿ ಒದ್ದೆ ಮರಳು ಬಿಟ್ಟಿರತ್ತೆ, ಅದರ ಮೇಲೆ ಓಡೋದು. ಒಣ ಮರಳಲ್ಲಿ 5 ಕಿಮೀ ಓಡಿ ನೋಡಿ, ಮೀನಖಂಡ ಎರಡು ದಿನ ಮಾತಾಡತ್ತೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಬಿಟ್ಬಿಡಿ, ಆಗ ಏರಿಳಿತ ದೊಡ್ಡದು, ಸೆಳೆತವೂ ಜೋರು. ಟೈಡ್ ಟೇಬಲ್ ಅಂದ್ರೆ ಭರತ ಇಳಿತದ ಹೊತ್ತಿನ ಪಟ್ಟಿ ಮೊಬೈಲಲ್ಲೇ ಸಿಗತ್ತೆ, ಆದ್ರೂ ಹಿಂದಿನ ದಿನ ಸಂಜೆ ದಡದಲ್ಲಿ ಬಲೆ ಸರಿ ಮಾಡ್ತಾ ಕೂತೋರನ್ನ ಒಂದು ಮಾತು ಕೇಳಿ, ಜೆಲ್ಲಿಫಿಶ್ ಬಂದಿದ್ಯಾ ಇಲ್ವಾ ಅನ್ನೋದು ಅವರಿಗೇ ಗೊತ್ತಿರೋದು.

ಹೋಗೋ ದಾರಿ. ಶಿರಸಿಯಿಂದ ದೇವಿಮನೆ ಘಟ್ಟ ಇಳ್ದು ಕುಮಟಾ, ಅಲ್ಲಿಂದ ಹೆದ್ದಾರಿ 66ರಲ್ಲಿ ಅಂಕೋಲಾ ಮೇಲೆ ಕಾರವಾರ. ರಸ್ತೆ ಕೆಲಸಕ್ಕೆ ಅಂತ ಆ ಘಟ್ಟದ ದಾರಿ ಮುಚ್ಚಿದ್ದುಂಟು, ಹೊರಡೋ ಮುಂಚೆ ದಾರಿ ಬಿಟ್ಟಿದ್ದಾರಾ ಅಂತ ಕೇಳ್ಕೊಂಡೇ ಹೊರಡಿ. ಹುಬ್ಬಳ್ಳಿ ಕಡೆಯೋರು ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಬೆಂಗಳೂರಿಂದ ಬರೋರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಸಂಜೆ ಹತ್ತಿದ್ರೆ ಬೆಳಿಗ್ಗೆ ಕಾರವಾರ, ಆದ್ರೆ ಸ್ಟೇಷನ್ ಇರೋದು ಊರಿಂದ ಹೊರಗೆ ಶಿರವಾಡದಲ್ಲಿ, ಆಟೋಗೆ ಸೈಕಲ್ ಹಿಡಿಯಲ್ಲ, ಇಳ್ದು ಅಲ್ಲಿಂದ ಸೈಕಲ್ ಹೊಡ್ಕೊಂಡೇ ಬನ್ನಿ. ನಾವು ಸೈಕಲ್ ಸಾಗ್ಸೋಕೆ ಪಿಕಪ್ ಗಾಡಿ ಮಾಡ್ಕೊಂಡ್ವಿ, ಮುಂದಿನ ಚಕ್ರ ಬಿಚ್ಚಿ, ನಡುನಡುವೆ ಗೋಣಿಚೀಲ ಕೊಟ್ಟು ಕಟ್ಟಿದ್ರೆ ಗೀರೂ ಬೀಳಲ್ಲ. ಒಂದು ದಿನ ಮುಂಚೆ ತಲುಪ್ಲೇಬೇಕು, ಘಟ್ಟ ಇಳ್ದ ಬೆಳಿಗ್ಗೇನೇ ನೀರಿಗೆ ಇಳೀತೀನಿ ಅನ್ನೋ ಹುಚ್ಚು ಬೇಡ.

ಈಗ ಈಜು. ಪ್ರಶ್ನೆ ಬರೋದೆಲ್ಲ ಇದರ ಬಗ್ಗೇನೇ, ಹೆದರಿಕೆನೂ ಇದಕ್ಕೇ.

ಜಾಗ ಟ್ಯಾಗೋರ್ ಬೀಚು, ಚಾಪಲ್ ಯುದ್ಧನೌಕೆ ಮ್ಯೂಸಿಯಂ ಇರೋ ಕಡೆ. ಕಾರವಾರದ್ದು ಕೊಲ್ಲಿ ಥರ ಒಳಗೆ ಬಾಗಿದ ದಡ, ಎದುರಿಗೆ ದ್ವೀಪ, ಪಕ್ಕದಲ್ಲಿ ಗುಡ್ಡ, ಹಾಗಾಗಿ ಗೋಕರ್ಣದಷ್ಟು ಅಲೆ ಇಲ್ಲಿ ಒಡೆಯಲ್ಲ. ಉತ್ತರಕ್ಕೆ ಕೋಡಿಬಾಗ ಕಡೆ ಮಾತ್ರ ಹೋಗ್ಬೇಡಿ, ಕಾಳಿ ನದಿ ಸಮುದ್ರ ಸೇರೋ ಜಾಗ ಅದು, ಇಳಿತದ ಹೊತ್ತಲ್ಲಿ ಹೊಳೆ ನೀರೂ ಸೇರಿ ಹೊರಗೆ ಎಳೆಯತ್ತೆ, ನೋಡೋಕೆ ಶಾಂತವಾಗೇ ಕಾಣತ್ತೆ. ದಕ್ಷಿಣಕ್ಕೆ ಬೈತ್ಕೋಲ ಬಂದರಿನ ದೋಣಿ ಓಡಾಟ, ಅದರಾಚೆ ಬಿಣಗಾ ಅರಗಾ ಕಡೆ ನೌಕಾನೆಲೆ, ಅಲ್ಲಿ ಕ್ಯಾಮರಾ ಡ್ರೋನ್ ಅಂತ ಆಟ ಆಡೋಕೆ ಹೋಗ್ಬೇಡಿ.

ಗುಂಪಾಗಿ ಮಾಡೋದಾದ್ರೆ ಮೊದಲೇ ಹೋಗಿ ಪೊಲೀಸ್ ಸ್ಟೇಷನ್ನಿಗೂ ಕರಾವಳಿ ಕಾವಲು ಪೊಲೀಸರಿಗೂ ಅರ್ಜಿ ಕೊಡಿ, ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಎಷ್ಟೊತ್ತು ಅಂತ ಬರ್ದು. ಅವರು ಬೇಡ ಅಂದ್ರೆ ಬೇಡ. ಆಮೇಲೆ ಒಂದು ದೋಣಿ ಗೊತ್ತು ಮಾಡಿ, ಇದರಲ್ಲಿ ದುಡ್ಡು ಉಳಿಸೋಕೆ ಹೋಗ್ಬೇಡಿ. ನಮ್ಮ ದೋಣಿಯವರು ನಾವು ಈಜೋ ಸಾಲಿಗೂ ಸಮುದ್ರಕ್ಕೂ ನಡುವೆ ನಿಧಾನ ಬರ್ತಾ ಇದ್ರು, ಅಂದ್ರೆ ನಾವು ದಡಕ್ಕೂ ದೋಣಿಗೂ ಮಧ್ಯ. ಈಜಿದ್ದು ದಡಕ್ಕೆ ಸಮಾನಾಂತರವಾಗಿ, ಕಾಲು ಕೊಟ್ರೆ ಎದೆಮಟ್ಟ ನೀರು ಸಿಗೋ ಆಳದಲ್ಲಿ. ಎಲ್ಲರಿಗೂ ಕೇಸರಿ ಟೋಪಿ, ಈಜು ಹೊಸದಾಗಿ ಕಲ್ತೋರ ಸೊಂಟಕ್ಕೆ ಗಾಳಿ ತುಂಬಿದ ತೇಲುಚೀಲ. ಆ ಚೀಲ ಸುಸ್ತಾದಾಗ ಹಿಡ್ಕೊಳ್ಳೋಕೆ, ದೋಣಿಯವರಿಗೆ ಕಾಣೋಕೆ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ನಿಂತ್ರೆ ಇನ್ನೊಬ್ಬರೂ ನಿಲ್ಬೇಕು, ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಉಪ್ಪು ನೀರು ಕೆರೆ ನೀರಿಗಿಂತ ಚೆನ್ನಾಗಿ ತೇಲಿಸತ್ತೆ, ಇದು ಹೊಸಬರಿಗೆ ದೊಡ್ಡ ಧೈರ್ಯ. ಕಷ್ಟ ಇರೋದು ಬೇರೆ ಕಡೆ, ಕೊಳದಲ್ಲಿ ಕೆಳಗೆ ಗೆರೆ ಕಾಣತ್ತೆ, ಇಲ್ಲಿ ಕೆಳಗೆ ಏನೂ ಕಾಣಲ್ಲ, ಬರೀ ಮಬ್ಬು ಹಸಿರು, ಅಲ್ಲಿ ಎದೆ ಡವಡವ ಶುರು ಆಗತ್ತೆ. ಆಗ ಮಲಗಿ, ಮೊಗಚಿ ಅಂಗಾತ ಮಲಗಿ ಆಕಾಶ ನೋಡ್ತಾ ಉಸಿರು ಸರಿ ಮಾಡ್ಕೊಳ್ಳಿ, ಇದನ್ನ ಕೊಳದಲ್ಲೇ ಹತ್ತಾರು ಸಲ ಅಭ್ಯಾಸ ಮಾಡಿರ್ಬೇಕು. ಹತ್ತು ಹನ್ನೆರಡು ಕೈ ಹೊಡೆದ ಮೇಲೆ ಒಂದ್ಸಲ ತಲೆ ಎತ್ತಿ ದಿಕ್ಕು ನೋಡಿ, ಮ್ಯೂಸಿಯಂ ಹಡಗಿನ ಬೂದು ಬಣ್ಣ ದೂರದಿಂದಾನೇ ಕಾಣತ್ತೆ. ಉಸಿರು ದಡದ ಕಡೆ ತಿರುಗಿಯೇ ತಗೊಳ್ಳಿ, ಅಲೆ ಬಾಯಿಗೆ ಬರಲ್ಲ. ಯಾವತ್ತಾದ್ರೂ ಸೆಳೆತ ಹೊರಗೆ ಎಳೆದ್ರೆ ಅದರ ಎದುರು ಗುದ್ದಾಡ್ಬೇಡಿ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಪಟ್ಟಿಯಿಂದ ಆಚೆ ಬಂದು ಆಮೇಲೆ ದಡಕ್ಕೆ.

ಅಕ್ಕೋರು ಅರ್ಧದಲ್ಲಿ ನಿಂತ್ರು. ಚೀಲ ಹಿಡ್ಕೊಂಡು "ನನ್ನ ಹತ್ರ ಆಗಲ್ಲ ಭಾವಾ, ನೀವು ಹೋಗಿ" ಅಂದ್ರಂತೆ. ಭಾವ "ಹೆದ್ರಡ ತಂಗಿ, ಆನೂ ಸುಸ್ತಾಗಿ ನಿಂತಿದ್ದಿ" (ಹೆದರ್ಬೇಡ, ನಾನೂ ಸುಸ್ತಾಗಿ ನಿಂತಿದೀನಿ) ಅಂತ ಅಲ್ಲೇ ತೇಲ್ತಾ ಅಡಿಕೆ ರೇಟಿನ ಸುದ್ದಿ ತೆಗೆದ್ರಂತೆ. ಸಮುದ್ರದ ಮಧ್ಯ ಅಡಿಕೆ ರೇಟು! ದೋಣಿಯವರೂ ಅದಕ್ಕೆ ಬಾಯಿ ಹಾಕಿ ಮೀನಿನ ರೇಟು ಹೇಳಿದಾರೆ. ಅಷ್ಟು ಮಾತಾಡೋದ್ರಲ್ಲಿ ಅಕ್ಕೋರ ಉಸಿರು ಸರಿಯಾಗಿತ್ತು, ಉಳಿದದ್ದನ್ನ ಅವರೇ ಈಜಿ ಮುಗಿಸಿದ್ರು. ದಡದಲ್ಲಿ ವಾಕಿಂಗ್ ಬಂದಿದ್ದ ಕಾರವಾರದ ಹೆಂಗಸರು, ಪರಿಚಯ ಇಲ್ಲ ಏನಿಲ್ಲ, ನಿಂತು ಚಪ್ಪಾಳೆ ಹೊಡೆದ್ರು, ಅವರಲ್ಲೊಬ್ಬರು ಬಂದು ಎಲ್ಲಿ ಕಲ್ತ್ರಿ, ಎಷ್ಟು ತಿಂಗಳಾಯ್ತು ಅಂತ ವಿಚಾರ್ಸ್ಕೊಂಡು ಹೋದ್ರು.

ಹೆಂಗಸರಿಗೆ ಬಟ್ಟೆ ಬಗ್ಗೆ ಒಂದು ಮಾತು. ಕಾಟನ್ ಚೂಡಿದಾರದಲ್ಲಿ ಇಳೀಬೇಡಿ, ನೀರು ಕುಡ್ದು ಕಲ್ಲಿನಷ್ಟು ಭಾರ ಆಗತ್ತೆ. ಉದ್ದ ತೋಳಿನ ನೈಲಾನ್ ಲೈಕ್ರಾ ಟಾಪು, ಲೆಗ್ಗಿಂಗ್ಸ್ ಸಾಕು, ಅದೇ ಬಟ್ಟೇಲಿ ಸೈಕಲ್ ಹತ್ತಬಹುದು. ಕಂಕುಳು, ತೊಡೆ ಸಂದಿಗೆ ಮೊದಲೇ ವ್ಯಾಸಲೀನ್ ಹಚ್ಚಿ, ಉಪ್ಪು ಕೂತು ಉಜ್ಜಿದ್ರೆ ಸಂಜೆ ಸ್ನಾನ ಮಾಡುವಾಗ ಕೂಗ್ಬೇಕಾಗತ್ತೆ. ಇದು ಗಂಡಸರಿಗೂ.

ನೀರಿಂದ ಎದ್ದು ಸೈಕಲ್ ಹತ್ತೋದಕ್ಕೆ ಟ್ರಾನ್ಸಿಷನ್ ಅಂತಾರೆ. ಗಟ್ಟಿಗರು ಇದನ್ನ ಒಂದೆರಡು ನಿಮಿಷದಲ್ಲಿ ಮುಗಿಸ್ತಾರೆ, ನಾವು ಚಹಾ ಕುಡಿದ್ವಿ. ಒಂದು ಬಕೆಟ್ ಸಿಹಿನೀರು ಕಾಲಿನ ಮರಳು ತೊಳೆಯೋಕೆ, ಒಣ ಟವಲ್ಲು, ಬೆರಳ ಸಂದಿಗೆ ಪೌಡರ್ರು, ಬಾಳೆಹಣ್ಣು. ಹೆಲ್ಮೆಟ್ ಹಾಕಿ ಬಕಲ್ ಬಿಗಿದ ಮೇಲೇ ಸೈಕಲ್ ಮುಟ್ಬೇಕು, ರೇಸುಗಳಲ್ಲಿ ಇದು ನಿಯಮ, ಮನೆ ಟ್ರಯಾಥ್ಲಾನಲ್ಲೂ ಪಾಲಿಸಿ. ಸಾಮಾನು ಕಾಯೋಕೆ, ಯಾರು ನೀರಿಂದ ಬಂದ್ರು ಯಾರು ಬಂದಿಲ್ಲ ಅಂತ ಪಟ್ಟಿಗೆ ಗುರುತು ಹಾಕೋಕೆ ಒಬ್ಬರು ಬೇಕೇ ಬೇಕು, ನಮ್ಮಲ್ಲಿ ಕ್ಲರ್ಕ್ ಗೆಳೆಯನ ಹೆಂಡತಿ ಆ ಕೆಲಸ ಮಾಡಿದ್ರು, ಅವರಿಲ್ಲದಿದ್ರೆ ಅವತ್ತು ಏನೂ ನಡೀತಿರ್ಲಿಲ್ಲ.

ಸೈಕಲ್ ದಾರಿಗೆ ಎಲ್ಲರೂ ಮೊದಲು ಯೋಚಿಸೋದು ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ, ಗೋವಾ ಗಡಿ ಕಡೆ. ನೋಟ ಏನೋ ಭಾರೀ ಚೆಂದ. ಆದ್ರೆ ಅದು ಹೆದ್ದಾರಿ, ಮೇಲಾಗಿ 2024ರ ಆಗಸ್ಟಲ್ಲಿ ಹಳೇ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ಗಾಡಿ ಹೊಸ ಸೇತುವೆಗೇ ಬಿತ್ತು, ಲಾರಿ ಪಕ್ಕದಲ್ಲಿ ಒದ್ದೆ ಬಟ್ಟೇಲಿ ಹೊಸಬರನ್ನ ಬಿಡೋಕೆ ನನಗಂತೂ ಮನಸ್ಸಿಲ್ಲ. ನಾವು ಹೋಗಿದ್ದು ಕದ್ರಾ, ಕೈಗಾ ಕಡೆಯ ರಸ್ತೆ, ಭಾನುವಾರ ಬೆಳಿಗ್ಗೆ. 10 ಕಿಮೀ ಹೋಗಿ ತಿರುಗಿ ಬರೋದು. ಒಂದು ಕಡೆ ಗುಡ್ಡ, ಅಲ್ಲಲ್ಲಿ ಕಾಳಿ ಹೊಳೆ ಕಾಣತ್ತೆ. ಬಸ್ಸು ಲಾರಿ ಇಲ್ಲೂ ಬರ್ತವೆ, ಎಡಕ್ಕೆ ಒಂದೇ ಸಾಲಲ್ಲಿ ಹೋಗಿ, ಹಿಂದೆ ಒಂದು ಬೈಕ್ ಪಂಪು ಪಂಕ್ಚರ್ ಸಾಮಾನು ಇಟ್ಕೊಂಡು ಬರ್ಲಿ. ಗೇರ್ ಸೈಕಲ್ಲೇ ಬೇಕು ಅಂತಿಲ್ಲ, ನಮ್ಮಲ್ಲಿ ಒಬ್ಬರು ಕ್ಯಾರಿಯರ್ ಇರೋ ಹಳೇ ಸೈಕಲ್ಲಲ್ಲೇ ಮುಗಿಸಿದ್ರು, ಬ್ರೇಕ್ ಮಾತ್ರ ಹೊಸದು ಹಾಕ್ಸಿದ್ವಿ.

ಸೈಕಲ್ ಇಳ್ದು ಓಡೋಕೆ ಶುರು ಮಾಡಿದ್ರೆ ಮೊದಲ ಅರ್ಧ ಕಿಮೀ ಕಾಲು ಯಾರದೋ ಅನ್ಸತ್ತೆ. ಅದು ಎಲ್ರಿಗೂ ಆಗತ್ತೆ, ಊರಲ್ಲಿ ಇರುವಾಗ್ಲೇ ವಾರಕ್ಕೊಂದ್ಸಲ ಸೈಕಲ್ ಹೊಡೆದು ಕೂಡ್ಲೇ ಹತ್ತು ನಿಮಿಷ ಓಡಿದ್ರೆ ಅಭ್ಯಾಸ ಆಗತ್ತೆ. ಅಷ್ಟೊತ್ತಿಗೆ ಬಿಸಿಲು ಏರಿರತ್ತೆ, ಘಟ್ಟದ ಮೇಲಿನೋರಿಗೆ ಕರಾವಳಿ ಸೆಕೆ ಗೊತ್ತಾಗೋದೇ ಆಗ, ಬೆವರು ಆರೋದೇ ಇಲ್ಲ. ಬರೀ ನೀರು ಕುಡೀತಾ ಇರ್ಬೇಡಿ, ನಿಂಬೆಹಣ್ಣು ಉಪ್ಪು ಬೆಲ್ಲ ಹಾಕಿ ಪಾನಕ ಮಾಡ್ಕೊಂಡು ಇಟ್ಕೊಳ್ಳಿ. ನಡೀಬೇಕು ಅನ್ಸಿದ್ರೆ ನಡೀರಿ. ಕೊನೆಗೆ ಬಂದಿದ್ದು ನರ್ಸಮ್ಮ, ಮುಗಿಸಿದೋರೆಲ್ಲ ವಾಪಸ್ ಒಂದು ಕಿಮೀ ನಡ್ಕೊಂಡು ಹೋಗಿ ಅವರ ಜೊತೆ ಓಡ್ತಾ ಬಂದ್ವಿ, ಇದನ್ನ ಯಾರೂ ಪ್ಲ್ಯಾನ್ ಮಾಡಿರ್ಲಿಲ್ಲ. ನರ್ಸಮ್ಮ ಬಂದವರೇ ಮೊದಲು ಕೇಳಿದ್ದು "ಭಾವಂದು ಬಿಪಿ ಯಾರಾದ್ರೂ ನೋಡಿದ್ರಾ?" ಅಂತ. ಅಂದ ಹಾಗೆ ನಲವತ್ತು ದಾಟಿದೋರು, ಶುಗರ್ ಬಿಪಿ ಇರೋರು ಡಾಕ್ಟರ್ ಹತ್ರ ತೋರ್ಸಿ ಹೂಂ ಅನ್ನಿಸ್ಕೊಂಡೇ ಹೊರಡಿ.

ಹಿಂದಿನ ರಾತ್ರಿ ಹೊಸ ಊಟದ ಪ್ರಯೋಗ ಬೇಡ, ಮೀನೂಟದ ಆಸೆ ಎಷ್ಟೇ ಇದ್ರೂ ಮರುದಿನ ಮಧ್ಯಾಹ್ನಕ್ಕೆ ಇಟ್ಕೊಳ್ಳಿ. ಬೆಳಿಗ್ಗೆ ನಾವು ಅವಲಕ್ಕಿ ಬಾಳೆಹಣ್ಣು ತಿಂದು ಒಂದೂವರೆ ತಾಸು ಬಿಟ್ಟು ಇಳಿದ್ವಿ, ಸಾಕಾಯ್ತು. ಅಪ್ಪೆಹುಳಿ (ಮಾವಿನಕಾಯಿ ತಿಳಿಸಾರು) ಬಾಟ್ಲಿ ತಂದಿದ್ದ ಭಾವಂಗೆ ಎಲ್ಲಾ ಮುಗಿದ ಮೇಲೇ ಮುಚ್ಚಳ ತೆಗೀಬೇಕು ಅಂತ ಕಟ್ಟುನಿಟ್ಟು ಮಾಡಿದ್ವಿ, ಅದನ್ನ ಕುಡಿದ್ರೆ ನಿದ್ದೆ ಬರೋದು ನಮ್ಮ ಕಡೆಯೋರಿಗೆ ಹೊಸದಾಗಿ ಹೇಳ್ಬೇಕಾಗಿಲ್ಲ. ರೂಮು ಬೀಚಿಗೆ ನಡೆಯೋ ದೂರದಲ್ಲಿ ಸಿಗತ್ತೆ, ಡಿಸೆಂಬರ್ ಕೊನೇ ವಾರ ಮಾತ್ರ ಗೋವಾ ಜನಜಾತ್ರೆ ಇಲ್ಲಿವರೆಗೂ ಬರತ್ತೆ, ಆ ವಾರ ತಪ್ಪಿಸಿ. ಸೈಕಲ್ ರೂಮೊಳಗೆ ಬಿಡ್ತಾರಾ ಅಂತ ಬುಕ್ ಮಾಡುವಾಗ್ಲೇ ಕೇಳಿ.

ಊರಿಗೆ ವಾಪಸ್ ಬಂದ ರಾತ್ರಿ ಎಷ್ಟೇ ಸುಸ್ತಿದ್ರೂ ಸೈಕಲ್ಲನ್ನ ಸಿಹಿನೀರಲ್ಲಿ ತೊಳ್ದು, ಒರೆಸಿ, ಚೈನಿಗೆ ಎಣ್ಣೆ ಬಿಟ್ಟೇ ಮಲ್ಗಿ, ಉಪ್ಪುಗಾಳಿ ತುಕ್ಕು ಬೆಳಗಾಗೋದನ್ನ ಕಾಯಲ್ಲ.