ಹತ್ತು ಸಲ ಎದ್ದು ನೋಡು

12 ಆಗಸ್ಟ್ 2025, ಮಂಗಳವಾರ ರಾತ್ರಿ

ಅಜ್ಜ ಈಗಷ್ಟೇ ಮಲಗಿದರು. ಮಲಗಿದರು ಅಂದರೆ ಕಣ್ಣು ಮುಚ್ಚಿದ್ದಾರೆ, ಅಷ್ಟೇ. ಹೋದ ವಾರ ಬಚ್ಚಲಲ್ಲಿ ಜಾರಿದ ಮೇಲೆ ಅವರ ಮಂಚದ ಪಕ್ಕದಲ್ಲೇ ನನ್ನ ಚಾಪೆ. ಮಳೆ ನಿಂತಿಲ್ಲ.

ಸಂಜೆ ಕರೆಂಟ್ ಹೋದಾಗ ಅವರಿಗೆ ಪೆಪಿಯ ಕಾಗದ ಓದಿ ಹೇಳಿದೆ. ಎರಡನೇ ಪೆಪಿ, ಈಜಿಪ್ಟಿನ ಆರನೇ ರಾಜವಂಶದ ಫೇರೋ. ಸುಮಾರು 4,200 ವರ್ಷಗಳ ಹಿಂದಿನ ಮಾತು. ಪಟ್ಟಕ್ಕೆ ಬಂದಾಗ ಅವನಿಗೆ ಬರೀ ಆರು ವರ್ಷ ಅನ್ನುತ್ತಾರೆ. ಅವನ ಅಧಿಕಾರಿ ಹಾರ್ಖುಫ್ ದಕ್ಷಿಣದ ಯಾಮ್ ಸೀಮೆಗೆ ಹೋಗಿದ್ದ. ಅದು ಅವನ ನಾಲ್ಕನೇ ಪ್ರಯಾಣ. ಮೂರನೆಯದರಲ್ಲಿ 300 ಕತ್ತೆಗಳ ಮೇಲೆ ಧೂಪ, ಕರಿಮರ, ಚಿರತೆ ಚರ್ಮ, ಆನೆದಂತ ಹೇರಿಕೊಂಡು ಬಂದಿದ್ದವನು. ಈ ಸಲ ಮಾತ್ರ, ದೇವರ ಕುಣಿತ ಬಲ್ಲ ಒಬ್ಬ ಕುಳ್ಳನನ್ನು ಕರೆತರುತ್ತಿದ್ದೇನೆ ಅಂತ ಅರಮನೆಗೆ ಬರೆದ.

ಅದಕ್ಕೆ ರಾಜನ ಉತ್ತರ ಬಂತು. ರಾಜನದೇ ಮುದ್ರೆ, ಆಳ್ವಿಕೆಯ ಎರಡನೇ ವರ್ಷ. ಸಾರ ಇಷ್ಟು: ತಕ್ಷಣ ದೋಣಿಯಲ್ಲಿ ಹೊರಟು ಬಾ. ಅವನನ್ನು ಜೀವಂತವಾಗಿ, ಗಟ್ಟಿಮುಟ್ಟಾಗಿ ಕರೆದು ತಾ. ದೋಣಿಯಲ್ಲಿ ಅವನ ಎರಡೂ ಕಡೆ ಒಳ್ಳೆಯ ಜನರನ್ನು ನಿಲ್ಲಿಸು, ನೀರಿಗೆ ಬಿದ್ದಾನು. ರಾತ್ರಿ ಡೇರೆಯಲ್ಲಿ ಅವನ ಸುತ್ತ ಜನ ಮಲಗಲಿ. ಹತ್ತು ಸಲ ಎದ್ದು ನೋಡು. ಸಿನಾಯ್ ಗಣಿ, ಪುಂಟ್ ನಾಡಿನ ಕಾಣಿಕೆಗಳಿಗಿಂತ ಅವನನ್ನು ನೋಡೋ ಆಸೆ ನನಗೆ ಜಾಸ್ತಿ.

ಅಜ್ಜ ಕಣ್ಣು ಬಿಟ್ಟರು.

“ಎಷ್ಟು ಸಲ ಅಂದೆ?”

“ಹತ್ತು.”

“ಮಗು ಮಾತೇ ಅದು. ದೊಡ್ಡವರು ಹುಷಾರಾಗಿ ನೋಡ್ಕೋ ಅಂತಾರೆ. ಲೆಕ್ಕ ಕೊಡೋದು ಮಕ್ಕಳು.”

ಕಾಗದ ಬರೆದ ಕೈ ಅರಮನೆಯ ಲಿಪಿಕಾರನದೇ ಇರಬೇಕು. ಆದರೂ ಆ ಹತ್ತು ಮಾತ್ರ ಹುಡುಗನದು. ನಾನು ಅಜ್ಜನ ಪಕ್ಷ. ಹಾರ್ಖುಫ್‌ಗೂ ಹಾಗೇ ಅನಿಸಿರಬೇಕು. ಆ ಉತ್ತರವನ್ನು ಅಕ್ಷರ ಬಿಡದೆ ಅಸ್ವಾನ್ ಎದುರಿನ ಗುಡ್ಡದಲ್ಲಿರುವ ತನ್ನ ಗೋರಿಯ ಮುಂಗೋಡೆ ಮೇಲೆ ಕೆತ್ತಿಸಿದ. ಮೂಲ ಕಾಗದ ಯಾವತ್ತೋ ಹೋಯಿತು. ಕಲ್ಲು ಉಳಿಯಿತು.

“ಆ ಕುಣಿಯೋನ ಹೆಸರೇನು?”

ಹೆಸರಿಲ್ಲ. ಕಾಗದದ ತುಂಬ ಅವನೇ ಇದ್ದಾನೆ, ಹೆಸರು ಮಾತ್ರ ಎಲ್ಲೂ ಇಲ್ಲ. ಈ ಕಾಗದವನ್ನು ನಾನು ಎಷ್ಟು ಸಲ ಓದಿದ್ದೇನೋ, ಎಷ್ಟು ಜನರಿಗೆ ಖುಷಿಯಿಂದ ಹೇಳಿದ್ದೇನೋ. ಒಂದು ಸಲವೂ ಈ ಪ್ರಶ್ನೆ ಬಂದಿರಲಿಲ್ಲ. ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ರಾತ್ರಿ ಸುತ್ತ ಮಲಗಿದವರು ಅವನನ್ನು ಕಾಪಾಡುತ್ತಿದ್ದರು ಅಂತಲೇ ನಾನು ಅಂದುಕೊಂಡಿದ್ದೆ. ಓಡಿ ಹೋಗದ ಹಾಗೆ ಕಾಯುತ್ತಿದ್ದರು ಅಂತಲೂ ಓದಬಹುದಲ್ವಾ?

ಅಜ್ಜ ಸುಮ್ಮನಿದ್ದರು. ಆಮೇಲೆ ಎಂದೂ ಹೇಳದ ಒಂದು ಸಂಗತಿ ಹೇಳಿದರು. ಅವರಿಗೆ ಎಂಟು ವರ್ಷ ಇದ್ದಾಗ ಜಾತ್ರೆಗೆ ಸರ್ಕಸ್ ಬಂದಿತ್ತಂತೆ. ಅದರಲ್ಲೊಬ್ಬ ಕುಳ್ಳ, ಎಲ್ಲರನ್ನೂ ನಗಿಸೋನು. ಅವನನ್ನು ಹತ್ತಿರದಿಂದ ನೋಡೋ ಆಸೆಗೆ ಡೇರೆಯ ಹಿಂದೆ ಹೋದರಂತೆ. ಅವನು ಬಕೆಟ್ ಮುಂದೆ ಕುಕ್ಕರುಗಾಲಲ್ಲಿ ಕೂತು ಆಟದ ಅಂಗಿ ಒಗೆಯುತ್ತಿದ್ದ. ಮುಖದ ಬಣ್ಣ ಅರ್ಧ ಹೋಗಿತ್ತು. ಇವರನ್ನು ನೋಡಿದ, ನಗಲಿಲ್ಲ. ಮತ್ತೆ ಅಂಗಿ ಹಿಂಡಿದ.

“ನಾನೂ ಹೆಸರು ಕೇಳಲಿಲ್ಲ” ಅಂದರು.

ಕರೆಂಟ್ ಬಂತು. ಊಟ ಆಯಿತು. ಮಾತ್ರೆ ಕೊಟ್ಟೆ. ಫೋನಿನಲ್ಲಿ ಅವರಿಗೊಂದು ಚಿತ್ರ ತೋರಿಸಿದೆ. ಬ್ರೂಕ್ಲಿನ್ ಮ್ಯೂಸಿಯಂನಲ್ಲಿರುವ ಪುಟ್ಟ ಅಲಬಾಸ್ಟರ್ ಮೂರ್ತಿ. ಪೆಪಿ ಅಮ್ಮ ಅಂಖೆಸೆನ್‌ಪೆಪಿಯ ತೊಡೆ ಮೇಲೆ ಅಡ್ಡಲಾಗಿ ಕೂತಿದ್ದಾನೆ. ತಲೆ ಮೇಲೆ ರಾಜರ ಶಿರವಸ್ತ್ರ, ಮೈಕಟ್ಟು ದೊಡ್ಡವರದೇ, ಗಾತ್ರ ಮಾತ್ರ ಮಗುವಿನದು. ಅಮ್ಮನ ಒಂದು ಕೈ ಅವನ ಬೆನ್ನಿಗೆ. ಅವಳ ಹಣೆ ಮೇಲೊಂದು ತೂತು. ಅಲ್ಲಿ ರಣಹದ್ದಿನ ತಲೆ ಕೂರಿಸಿದ್ದರಂತೆ, ಈಗಿಲ್ಲ. ಅಜ್ಜ ಆ ಕೈಯನ್ನೇ ನೋಡಿದರು. ಬೆರಳಿಟ್ಟು ಚಿತ್ರ ದೊಡ್ಡದು ಮಾಡಿಕೊಂಡು ಕೇಳಿದರು.

“ಆಮೇಲೆ ಈ ಹುಡುಗ ಏನಾದ?”

ಮುದುಕನಾದ. ಮನೆಥೋ ಅನ್ನುವ ಈಜಿಪ್ಟಿನ ಪೂಜಾರಿ, ಪೆಪಿ ಸತ್ತು ಸುಮಾರು ಎರಡು ಸಾವಿರ ವರ್ಷದ ಮೇಲೆ ಬರೆದವನು, 94 ವರ್ಷ ಆಳಿದ ಅನ್ನುತ್ತಾನೆ. ಅಷ್ಟಿಲ್ಲ, 60ರ ಮೇಲೆ ಚಿಲ್ಲರೆ ಅನ್ನುವ ವಿದ್ವಾಂಸರೂ ಇದ್ದಾರೆ. ಅಜ್ಜನಿಗೆ ಮೊದಲ ಲೆಕ್ಕವೇ ಹಿಡಿಸಿತು. ಅವರಿಗೆ ಈಗ 93.

“ನನ್ನ ಇಡೀ ಆಯಸ್ಸಿಗಿಂತ ಜಾಸ್ತಿ ಬರೀ ಸಿಂಹಾಸನದ ಮೇಲೆ ಕೂತಿದ್ದ. ಜೊತೆಯವರೆಲ್ಲ ಹೋಗಿರ್ತಾರೆ.”

ಹೋಗಿದ್ದರು. ಪ್ರಾಂತ್ಯಗಳ ಅಧಿಕಾರಿಗಳು ಕುರ್ಚಿಯನ್ನು ಅಪ್ಪನಿಂದ ಮಗನಿಗೆ ಅಂತ ಮಾಡಿಕೊಂಡು ಅಲ್ಲಲ್ಲೇ ಬಲಿತರು. ನೈಲ್ ನದಿಯ ನೆರೆ ಇಳಿಯುತ್ತಾ ಬಂತು. ಅವನ ನಂತರ ಬಂದವನು ವರ್ಷ ಆಳಿದರೆ ಹೆಚ್ಚು. ಕೆಲವೇ ದಶಕಗಳಲ್ಲಿ ದೇಶ ಹೋಳಾಯಿತು. ದಕ್ಷಿಣ ಸಕ್ಕಾರಾದ ಅವನ ಪಿರಮಿಡ್ 52 ಮೀಟರ್ ಎತ್ತರ ಇತ್ತು. ಈಗ ಕಲ್ಲಿನ ಗುಡ್ಡೆ. ಇದೆಲ್ಲ ಹೇಳುತ್ತಾ ಹೋದೆ, ಅಜ್ಜ ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ. ದೇಶ ಒಡೆದದ್ದು ಅವರಿಗೆ ಬೇಕಿರಲಿಲ್ಲ.

“ಕುಣಿಯೋನು ಬಂದು ಮುಟ್ಟಿದನಾ?”

ಹಾರ್ಖುಫ್‌ನ ಕಲ್ಲು ಆ ಕಾಗದಕ್ಕೇ ನಿಲ್ಲುತ್ತದೆ. ಹಾಗಂತ ಹೇಳಿದೆ. ಅವರು ಗೋಡೆ ಕಡೆ ಹೊರಳಿದರು.

ಅಜ್ಜನಿಗೆ ನಿನ್ನೆ ಏನು ತಿಂದರೆಂದು ನೆನಪಿಲ್ಲ. 85 ವರ್ಷದ ಹಿಂದಿನ ಒದ್ದೆ ಅಂಗಿ ನೆನಪಿದೆ. ಹಾಗಾದರೆ ಆ ಮುದುಕ ರಾಜನಿಗೆ, ಪಕ್ಕದಲ್ಲಿ ಯಾರೂ ಉಳಿಯದ ಮೇಲೆ, ನಿದ್ದೆ ಬಾರದ ರಾತ್ರಿಗಳಲ್ಲಿ

ಅಜ್ಜ ಎದ್ದು ಕೂತ ಸದ್ದು. ನೋಡಿ ಬರುತ್ತೇನೆ.