ಟೋಪಿಯ ಅಚ್ಚನ್ನು ಬುಡದಿಂದ ನೋಡುವುದು

ಟೋಪಿ ತಯಾರಿಸುವ ಕೆಲಸದ ಮೊದಲ ವರ್ಷಗಳಲ್ಲಿ ಮರದ ಅಚ್ಚುಗಳನ್ನು ಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಾಗ, ಮೈ ನುಣುಪಾಗಿದೆಯೇ, ಆಕಾರ ಅಪರೂಪದ್ದೇ ಎಂದು ನೋಡುವಷ್ಟರಲ್ಲೇ ನನ್ನ ಪರೀಕ್ಷೆ ಮುಗಿದುಹೋಗುತ್ತಿತ್ತು. ಹಾಗೆ ಚಿತ್ರ ನೋಡಿ ತರಿಸಿದ ಒಂದು ಹಳೆಯ ಅಚ್ಚು ನೆತ್ತಿಯಲ್ಲಿ ಅಗಲವಾಗಿಯೂ ಬುಡದಲ್ಲಿ ಕಿರಿದಾಗಿಯೂ ಇತ್ತು. ಹಬೆಯಲ್ಲಿ ಮೆತ್ತಗಾದ ಫೆಲ್ಟನ್ನು, ಅಂದರೆ ಉಣ್ಣೆ ಅಥವಾ ತುಪ್ಪಳವನ್ನು ಒತ್ತಿ ಮಾಡಿದ ದಪ್ಪ ಬಟ್ಟೆಯನ್ನು, ಅದರ ಮೇಲೆ ಎಳೆದು, ಬುಡಕ್ಕೆ ದಾರ ಬಿಗಿದು, ರಾತ್ರಿಯಿಡೀ ಒಣಗಲು ಬಿಟ್ಟೆ. ಬೆಳಿಗ್ಗೆ ಆಕಾರವೇನೋ ಸೊಗಸಾಗಿ ಕೂತಿತ್ತು. ಆದರೆ ಟೋಪಿ ಅಚ್ಚನ್ನು ಬಿಟ್ಟು ಬರಲಿಲ್ಲ, ಹಿಂಬದಿಯಲ್ಲಿ ಕತ್ತರಿಸಿಯೇ ಬಿಡಿಸಬೇಕಾಯಿತು.

ಆಮೇಲೆ ಅಚ್ಚನ್ನು ತಲೆಕೆಳಗು ಮಾಡಿ ನೋಡಿದರೆ, ಅದು ಮೂಲತಃ ಐದು ತುಂಡುಗಳ ಅಚ್ಚೆಂದೂ ಹಿಂದಿನವರು ಯಾರೋ ತುಂಡುಗಳನ್ನು ಅಂಟಿನಿಂದ ಸೇರಿಸಿಬಿಟ್ಟಿದ್ದಾರೆಂದೂ ತಿಳಿಯಿತು. ಬುಡಕ್ಕಿಂತ ನೆತ್ತಿ ಅಗಲವಾಗಿರುವ ಆಕಾರಕ್ಕೆ ಇಂಥ ಬಿಡಿಸುವ ಅಚ್ಚೇ ಬೇಕು: ಒಣಗಿದ ಫೆಲ್ಟಿನೊಳಗಿಂದ ಮೊದಲು ನಡುವಿನ ತುಂಡನ್ನು ಎಳೆದರೆ ಉಂಟಾಗುವ ಖಾಲಿ ಜಾಗಕ್ಕೆ ಸುತ್ತಲಿನ ತುಂಡುಗಳು ಸರಿದು ಒಂದೊಂದಾಗಿ ಹೊರಬರುತ್ತವೆ. ಅವುಗಳಲ್ಲಿ ಒಂದು ಕಳೆದುಹೋಗಿದ್ದರೂ ಬೇರೊಂದು ಅಚ್ಚಿನ ತುಂಡು ಅಲ್ಲಿ ಕೂರುವುದಿಲ್ಲ. ಆದ್ದರಿಂದ ಈಗ ಬುಡದ ಚಿತ್ರವನ್ನೂ, ತುಂಡುಗಳನ್ನು ಬೇರೆಬೇರೆಯಾಗಿ ಹರಡಿಟ್ಟ ಚಿತ್ರವನ್ನೂ ಕೇಳದೆ ನಾನು ಹಣ ಕೊಡುವುದಿಲ್ಲ.

ಅಳತೆಯಲ್ಲಿಯೂ ಬುಡವೇ ಮುಖ್ಯ. ಮಾರುವವರು ಹಲವು ಸಲ ಅತಿ ಅಗಲವಾದ ಕಡೆ ಟೇಪು ಸುತ್ತಿ ಹೇಳುತ್ತಾರೆ. ನಮಗೆ ಬೇಕಾದದ್ದು ದಾರ ಕೂರುವ ಗೆರೆಯ ಸುತ್ತಳತೆ. ಬುಡದಲ್ಲಿ ಒತ್ತಿರುವ ಅಂಕಿಯೂ ಗೊಂದಲ ಹುಟ್ಟಿಸುತ್ತದೆ, ಏಕೆಂದರೆ 57 ಸೆಂಟಿಮೀಟರಿನ ಅಳತೆಯನ್ನು ಬ್ರಿಟನ್ನಿನಲ್ಲಿ 7 ಎಂದೂ ಅಮೆರಿಕದಲ್ಲಿ 7⅛ ಎಂದೂ ಬರೆಯುವುದು ರೂಢಿ. ಒಳಪಟ್ಟಿಯ ದಪ್ಪಕ್ಕೆಂದು ನಾನು ತಲೆಯ ಅಳತೆಗಿಂತ ಅರ್ಧದಿಂದ ಒಂದು ಸೆಂಟಿಮೀಟರ್ ದೊಡ್ಡದನ್ನು ಆರಿಸುತ್ತೇನೆ. ಸುತ್ತಳತೆ ಒಂದೇ ಆಗಿದ್ದರೂ ಒಂದು ಅಚ್ಚು ಗುಂಡಗೆ, ಇನ್ನೊಂದು ನೀಳವಾಗಿರಬಹುದು. ಮರವು ತನ್ನ ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಕುಗ್ಗುವುದರಿಂದ ಹಳೆಯ ಅಚ್ಚಿನ ಅಂಡಾಕಾರ ಬದಲಾಗಿರುವುದೂ ಉಂಟು. ಹಾಗಾಗಿ ಉದ್ದ, ಅಗಲಗಳನ್ನು ಬೇರೆಬೇರೆಯಾಗಿ ಅಳೆಸುತ್ತೇನೆ.

ಮರದ ವಿಷಯದಲ್ಲಿ ಗಟ್ಟಿಯಾದಷ್ಟೂ ಒಳ್ಳೆಯದೆಂಬ ನನ್ನ ನಂಬಿಕೆ ತಪ್ಪಾಗಿತ್ತು. ಫೆಲ್ಟನ್ನು ಅಚ್ಚಿಗೆ ಹಿಡಿದಿಡುವ ಪಿನ್ನು ಹೆಬ್ಬೆರಳಿನ ಒತ್ತಡಕ್ಕೆ ಮರದೊಳಗೆ ಇಳಿಯಬೇಕು, ಇಳಿದ ಮೇಲೆ ಸಡಿಲವಾಗದೆ ನಿಲ್ಲಬೇಕು. ಆಲ್ಡರ್, ಲಿಂಡನ್, ಪಾಪ್ಲರ್ ಮರಗಳನ್ನು ಬಳಸುವುದು ಇದಕ್ಕಾಗಿಯೇ. ಓಕ್ ಗಟ್ಟಿಯಷ್ಟೇ ಅಲ್ಲ, ಅದರಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ತೇವದಲ್ಲಿ ಕಬ್ಬಿಣದ ಪಿನ್ನಿಗೆ ತಾಗಿದರೆ ಕಪ್ಪು ಕಲೆಯಾಗುತ್ತದೆ. ಹಳೆಯ ಅಚ್ಚಿನೊಳಗೆ ಮುರಿದುಳಿದ ಮೊಳೆಗಳ ತುಕ್ಕು ತಿಳಿಬಣ್ಣದ ಫೆಲ್ಟಿಗೆ ಇಳಿಯದಂತೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿದರೆ ಸಾಕು. ಆದರೆ ಅಲಂಕಾರದ ವಸ್ತುವೆಂದು ಮಾರಲು ಅರಗಿನ ಪಾಲಿಶ್ ಹಚ್ಚಿದ ಅಚ್ಚು ಹಬೆಗೆ ಅಂಟಂಟಾಗುತ್ತದೆ, ಅದನ್ನೆಲ್ಲ ಉಜ್ಜಿ ತೆಗೆಯುವುದು ಬೇಸರದ ಕೆಲಸ. ಸಣ್ಣ ರಂಧ್ರಗಳಿಂದ ಹೊಸ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆಯೆಂದು ತಿಳಿದು, ಅಂಥದ್ದನ್ನು ಉಳಿದ ಅಚ್ಚುಗಳ ಕಪಾಟಿನ ಹತ್ತಿರಕ್ಕೂ ತರುವುದಿಲ್ಲ.

ಹೊಸದಾಗಿ ಮಾಡಿಸುವಾಗ ಸಿದ್ಧ ಟೋಪಿಯನ್ನು ಮಾದರಿಯಾಗಿ ಕಳುಹಿಸುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಬಳಸಿದ ಟೋಪಿ ತೊಟ್ಟವರ ತಲೆಯಂತೆ ಹಿಗ್ಗಿರುತ್ತದೆ. ಬದಲಿಗೆ ಬುಡದ ಅಂಡಾಕಾರವನ್ನು ಕಾಗದದ ಮೇಲೆ ಪೂರ್ಣ ಅಳತೆಯಲ್ಲಿ ಬರೆದು, ದಾರದ ಗೆರೆಯಿಂದ ನೆತ್ತಿಯವರೆಗಿನ ಎತ್ತರವನ್ನು ಮುಂದೆ, ಹಿಂದೆ, ಬದಿಗಳಲ್ಲಿ ಗುರುತಿಸಿ ಕೊಡುತ್ತೇನೆ. ನೆತ್ತಿ ಮತ್ತು ಅಂಚಿನ ಅಚ್ಚುಗಳನ್ನು ಪ್ರತ್ಯೇಕವಾಗಿ ಮಾಡಿಸಿಕೊಂಡರೆ, ಒಂದು ಸಾಮಾನ್ಯ ಗುಂಡು ನೆತ್ತಿಗೆ ಮೂರು ಬಗೆಯ ಅಂಚುಗಳನ್ನು ಜೋಡಿಸಿ ದಿನನಿತ್ಯದ ಬಹುಪಾಲು ಕೆಲಸ ಮುಗಿಸಬಹುದು. ಅಂಟಿಸಿ ಹಾಳಾದ ಆ ಐದು ತುಂಡಿನ ಅಚ್ಚು ಇಂದಿಗೂ ನನ್ನ ಮೇಜಿನ ಮೇಲಿದೆ. ಹೊಸದಾಗಿ ಸೇರಿದವರ ಕೈಗೆ ಅದನ್ನು ಕೊಟ್ಟು, ಇದನ್ನು ಕೊಳ್ಳುವಿರಾ ಎಂದು ಕೇಳುತ್ತೇನೆ.